ಎಚ್‌ಐವಿ ಇದ್ದು ದುಡಿಯುವವರಿಗೆ: ಮೈಸೂರು, ಮಂಡ್ಯ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆ.ಆರ್. ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ಎಆರ್‌ಟಿ (ಎಚ್‌ಐವಿ ಔಷಧಿ ಕೊಡುವ) ಕೇಂದ್ರದ ಬೆಂಚಿನ ಮೇಲೆ ಕೂತವರ ಮಾತು ಕೇಳಿ. ಕಾಯಿಲೆಯ ಮಾತು ಬೇಗ ಮುಗಿಯುತ್ತದೆ, ಕೆಲಸದ ಮಾತು ಮುಗಿಯುವುದಿಲ್ಲ. ರಜಾ ಚೀಟಿಯಲ್ಲಿ ಏನು ಬರೆಯೋದು, ಸೂಪರ್‌ವೈಸರ್‌ಗೆ ಅನುಮಾನ ಬಂದಿದೆ, ಕಂಪನಿಯಲ್ಲಿ ರಕ್ತ ತೆಗೀತಾರಂತೆ. ಹೀಗೆ ಕಿವಿಗೆ ಬಿದ್ದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇವೆ. ಉತ್ತರದಲ್ಲಿ ಕಾನೂನು ಬರುತ್ತದೆ, ಮಾತ್ರೆಯೂ ಬರುತ್ತದೆ. ಎರಡೂ ಜೊತೆಗಿದ್ದರೇ ಕೆಲಸ ಉಳಿಯುವುದು.

ನನಗೆ ಎಚ್‌ಐವಿ ಇದೆ ಅಂತ ಕೆಲಸ ಕೊಡುವವರಿಗೆ ಹೇಳಲೇಬೇಕಾ?

ಬೇಕಿಲ್ಲ. ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017ರಲ್ಲಿ ಬಂತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ 8ನೇ ಕಲಂ ಪ್ರಕಾರ, ನ್ಯಾಯಾಲಯದ ಆದೇಶವಿಲ್ಲದೆ ಯಾರೂ ನಿಮ್ಮ ಬಾಯಿಂದ ಈ ವಿಷಯ ಹೊರಡಿಸುವಂತಿಲ್ಲ. ಮಾಲೀಕರಾಗಲಿ, ಎಚ್‌ಆರ್‌ನವರಾಗಲಿ, ಕಾರ್ಮಿಕರನ್ನು ಕರೆತರುವ ಮೇಸ್ತ್ರಿಯಾಗಲಿ ಕೇಳಿದರೆ ಸುಮ್ಮನಿರುವ ಹಕ್ಕು ನಿಮಗಿದೆ.

ಕಾನೂನು ಒಂದು ಕಡೆ ಇರಲಿ. ಹೇಳುವುದರಿಂದ ನಿಮಗೇನಾದರೂ ಸಿಗುವುದಿದ್ದರೆ ಹೇಳಿ. ಶಿಫ್ಟ್ ಬದಲಾಗಬೇಕು, ಧೂಳಿನ ವಿಭಾಗದಿಂದ ಬೇರೆ ಕಡೆ ಹಾಕಿಸಿಕೊಳ್ಳಬೇಕು, ಅಂಥ ಕಾರಣ ಇದ್ದರೆ ನಂಬಿಕೆಯ ಒಬ್ಬರಿಗೆ ಹೇಳಬಹುದು. ಮನಸ್ಸು ಹಗುರವಾಗಲಿ ಅಂತ ಊಟದ ಹೊತ್ತಲ್ಲಿ ಗೆಳತಿಯ ಹತ್ತಿರ ಹೇಳಿಕೊಂಡು, ಸಂಜೆ ಬಸ್ಸಿನಲ್ಲಿ ಇಡೀ ಲೈನಿಗೆ ಗೊತ್ತಾದದ್ದುಂಟು. ಮನಸ್ಸು ಹಗುರ ಮಾಡಿಕೊಳ್ಳಲು ಎಆರ್‌ಟಿ ಕೇಂದ್ರದ ಕೌನ್ಸೆಲರ್ ಇದ್ದಾರೆ. ಅಲ್ಲಿ ಹೇಳಿದ್ದು ಅಲ್ಲೇ ಉಳಿಯುತ್ತದೆ.

ಕೆಲಸಕ್ಕೆ ಸೇರುವಾಗ ರಕ್ತಪರೀಕ್ಷೆ ಮಾಡಿಸ್ತಾರಲ್ಲ?

ಮೆಡಿಕಲ್ ಫಿಟ್ನೆಸ್ ಪರೀಕ್ಷೆ ತಪ್ಪಲ್ಲ. ಎತ್ತರ, ತೂಕ, ಕಣ್ಣು, ಬಿಪಿ, ಎದೆಯ ಎಕ್ಸ್‌ರೇ, ಹಿಮೋಗ್ಲೋಬಿನ್ ನೋಡಲಿ. ಆದರೆ ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ಇಡುವುದನ್ನು ಕಾಯ್ದೆಯ 3ನೇ ಕಲಂ ನಿಷೇಧಿಸಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತೆಯೂ ಇಲ್ಲ. ಮಾಡುವ ಮುಂಚೆ ಏಕೆ, ಏನು ಎಂದು ತಿಳಿಸಬೇಕು.

ಹೆಬ್ಬಾಳು, ಹೂಟಗಳ್ಳಿ, ನಂಜನಗೂಡು ಕೈಗಾರಿಕಾ ಪ್ರದೇಶಗಳಿಗೆ ಗುತ್ತಿಗೆಯ ಮೇಲೆ ಹೋಗುವವರು ಒಂದು ಅಭ್ಯಾಸ ಮಾಡಿಕೊಳ್ಳಿ. ರಕ್ತ ಕೊಡುವ ಮುಂಚೆ ಲ್ಯಾಬಿನ ಚೀಟಿ ಕೇಳಿ ನೋಡಿ. ಟಿಕ್ ಹಾಕಿದ ಸಾಲುಗಳ ಕೊನೆಯಲ್ಲಿ 'ಎಚ್‌ಐವಿ ಟ್ರೈಡಾಟ್' ಅಂತಲೋ 'ಎಚ್‌ಐವಿ 1 ಮತ್ತು 2' ಅಂತಲೋ ಇದೆಯಾ ನೋಡಿ. ಇದ್ದರೆ "ಇದು ಬೇಡ, ನನ್ನ ಒಪ್ಪಿಗೆ ಇಲ್ಲ" ಎಂದು ಹೇಳಿ ಆ ಸಾಲನ್ನು ಹೊಡೆದುಹಾಕಿಸಿ. ಎಷ್ಟೋ ಸಲ ಕಂಪನಿ ಕೇಳಿಯೇ ಇರುವುದಿಲ್ಲ, ಲ್ಯಾಬಿನವರ ಪ್ಯಾಕೇಜಿನಲ್ಲಿ ಅದೂ ಸೇರಿಕೊಂಡಿರುತ್ತದೆ.

ಗೊತ್ತಾಗಿಹೋಗಿದೆ. ಈಗ ಕೆಲಸದಿಂದ ತೆಗೆಯಬಹುದಾ?

ಎಚ್‌ಐವಿ ಇದೆ ಅನ್ನುವ ಒಂದೇ ಕಾರಣಕ್ಕೆ ತೆಗೆಯುವಂತಿಲ್ಲ. ಕೆಲಸ ನಿರಾಕರಿಸುವುದನ್ನೂ, ಕೆಲಸದಿಂದ ತೆಗೆಯುವುದನ್ನೂ, ಕೆಲಸದಲ್ಲಿಟ್ಟುಕೊಂಡೇ ಬೇರೆ ರೀತಿ ನಡೆಸಿಕೊಳ್ಳುವುದನ್ನೂ 3ನೇ ಕಲಂ ತಾರತಮ್ಯ ಅನ್ನುತ್ತದೆ. ತೆಗೆಯಲೇಬೇಕು ಅಂತಾದರೆ ಮಾಲೀಕರ ಕೈಯಲ್ಲಿ ಕಾಗದ ಇರಬೇಕು: ಈ ವ್ಯಕ್ತಿಯಿಂದ ಕೆಲಸದ ಜಾಗದಲ್ಲಿ ಬೇರೆಯವರಿಗೆ ಸೋಂಕು ತಗಲುವ ಗಣನೀಯ ಅಪಾಯ ಇದೆ, ಅಥವಾ ಈ ಕೆಲಸ ಮಾಡಲು ದೇಹ ಸಮರ್ಥವಾಗಿಲ್ಲ ಎಂದು ಅರ್ಹ, ಸ್ವತಂತ್ರ ವೈದ್ಯರು ಬರೆದುಕೊಟ್ಟ ವರದಿ. ಅದರ ಪ್ರತಿ ನಿಮಗೂ ಸಿಗಬೇಕು. ಹೊಲಿಯುವ, ಪ್ಯಾಕಿಂಗ್ ಮಾಡುವ, ಲೆಕ್ಕ ಬರೆಯುವ, ಆಟೊ ಓಡಿಸುವ ಕೆಲಸಕ್ಕೆ ಇಂಥ ಅಪಾಯ ಇದೆ ಎಂದು ಯಾವ ವೈದ್ಯರೂ ಬರೆದುಕೊಡಲಾರರು. ಬೆವರು, ಎಂಜಲು, ಮುಟ್ಟುವುದು ಆ ಲೆಕ್ಕಕ್ಕೇ ಬರುವುದಿಲ್ಲ.

ಈ ಕಾಯ್ದೆ ಬರುವ ಇಪ್ಪತ್ತು ವರ್ಷ ಮುಂಚೆಯೇ ಬಾಂಬೆ ಹೈಕೋರ್ಟ್ ಇದನ್ನು ಹೇಳಿಯಾಗಿತ್ತು. ಸಾರ್ವಜನಿಕ ವಲಯದ ಸಂಸ್ಥೆಯೊಂದರಲ್ಲಿ ದಿನಗೂಲಿ ಮಾಡುತ್ತಿದ್ದ ಒಬ್ಬರನ್ನು, ವೈದ್ಯಕೀಯ ಪರೀಕ್ಷೆಯಲ್ಲಿ ಎಚ್‌ಐವಿ ಕಂಡಿತೆಂದು ಕೆಲಸದ ಪಟ್ಟಿಯಿಂದ ಕೈಬಿಟ್ಟಿದ್ದರು. 1997ರ ತೀರ್ಪು ಅವರ ಪರವಾಗಿ ಬಂತು. ಮೈಯಲ್ಲಿ ಶಕ್ತಿ ಇದೆ, ಬೇರೆಯವರಿಗೆ ಅಪಾಯವಿಲ್ಲ ಎಂದಮೇಲೆ ಸೋಂಕೊಂದನ್ನೇ ಹಿಡಿದು ಹೊರಗೆ ಹಾಕಲಾಗದು ಎಂದಿತು ನ್ಯಾಯಾಲಯ. ಅರ್ಜಿದಾರರ ನಿಜವಾದ ಹೆಸರು ತೀರ್ಪಿನಲ್ಲಿ ಇಲ್ಲ, ಎಂಎಕ್ಸ್ ಎಂದಷ್ಟೇ ಇದೆ. ಕೋರ್ಟಿಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತೆ ಅಂತ ಹೆದರುವವರು ಇದನ್ನು ಗಮನಿಸಿ. ಹೆಸರು ಮುಚ್ಚಿಟ್ಟು, ಬಾಗಿಲು ಹಾಕಿ ವಿಚಾರಣೆ ನಡೆಸಲು ಈಗಿನ ಕಾಯ್ದೆಯಲ್ಲೇ ಅವಕಾಶ ಇದೆ. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ, ಸೇನಾ ಆಸ್ಪತ್ರೆಯಲ್ಲಿ ಹಾಕಿಸಿಕೊಂಡ ರಕ್ತದಿಂದ ಸೋಂಕು ತಗಲಿದ ವಾಯುಪಡೆಯ ಮಾಜಿ ಯೋಧರೊಬ್ಬರಿಗೆ ಒಂದೂವರೆ ಕೋಟಿಗೂ ಹೆಚ್ಚು ಪರಿಹಾರ ಕೊಡಿಸಿತು. ಅದೇ ತೀರ್ಪಿನಲ್ಲಿ 2017ರ ಕಾಯ್ದೆಯನ್ನು ಸರಿಯಾಗಿ ಜಾರಿ ಮಾಡಿ ಎಂದು ಸರ್ಕಾರಗಳಿಗೂ ಹೇಳಿತು.

ತೆಗೀತೀವಿ ಅಂತ ಯಾರೂ ಅಂದಿಲ್ಲ. "ನೀನೇ ಬಿಟ್ಟುಬಿಡಮ್ಮ, ನಿಂಗೂ ಒಳ್ಳೇದು" ಅಂತಿದಾರೆ. ಏನು ಮಾಡಲಿ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಿದ್ದರೆ ಇದನ್ನು ಓದಿ.

ನಮ್ಮ ಕಡೆ ಎಚ್‌ಐವಿಯಿಂದ ಹೋಗುವ ಕೆಲಸ ಹೆಚ್ಚಾಗಿ ಹೋಗುವುದು ವಜಾ ಆದೇಶದಿಂದಲ್ಲ, ರಾಜೀನಾಮೆಯಿಂದ. ತೆಗೆದರೆ ಕಾಗದ ಬೇಕು, ಕಾರಣ ಬರೆಯಬೇಕು, ನಾಳೆ ಯಾರಾದರೂ ಕೇಳಿದರೆ ಉತ್ತರ ಕೊಡಬೇಕು. ಅದೇ ನೀವೇ ಬಿಟ್ಟರೆ ಯಾರಿಗೂ ಯಾವ ತಲೆನೋವೂ ಇಲ್ಲ. ಆದ್ದರಿಂದ ಮಾತು ಬಹಳ ಮೆತ್ತಗೆ ಬರುತ್ತದೆ. ಕ್ಯಾಬಿನ್ನಿಗೆ ಕರೆದು ಕೂರಿಸಿ, ಕಾಫಿ ತರಿಸಿ, "ನೋಡಮ್ಮ, ನಂಗೇನೂ ಇಲ್ಲ, ಬೇರೆಯವರು ಮಾತಾಡ್ತಾರೆ, ನಿನ್ನ ಮರ್ಯಾದೆ ಪ್ರಶ್ನೆ" ಎನ್ನುತ್ತಾರೆ. ಮೊದಲೇ ಟೈಪ್ ಮಾಡಿಟ್ಟ ಒಂದು ಹಾಳೆ ಮೇಜಿನ ಮೇಲಿರುತ್ತದೆ: ವೈಯಕ್ತಿಕ ಕಾರಣಗಳಿಂದ ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ. ತಾರೀಖಿನ ಜಾಗ ಮಾತ್ರ ಖಾಲಿ.

ಅದಕ್ಕೆ ಸಹಿ ಹಾಕಬೇಡಿ. ಜಗಳವಾಡಬೇಕಾಗಿಯೂ ಇಲ್ಲ. "ಮನೆಯಲ್ಲಿ ಕೇಳಿ ಹೇಳ್ತೀನಿ ಸಾರ್" ಅಂತ ಎದ್ದು ಬನ್ನಿ. ಮಾರನೇ ದಿನ ಎಂದಿನ ಹಾಗೆ ಟೈಮಿಗೆ ಸರಿಯಾಗಿ ಕೆಲಸಕ್ಕೆ ಹೋಗಿ, ಹಾಜರಿ ಹಾಕಿ. ಗೇಟಿನಲ್ಲಿ ತಡೆದರೆ ಯಾರು ತಡೆದರು, ಎಷ್ಟು ಗಂಟೆಗೆ, ಏನಂದರು ಎಂದು ಅವತ್ತೇ ಬರೆದಿಟ್ಟುಕೊಳ್ಳಿ. ಆಮೇಲೆ ಎರಡೇ ಸಾಲಿನ ಒಂದು ಪತ್ರ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ: ಇಂಥ ದಿನ ನನ್ನನ್ನು ಒಳಗೆ ಬಿಡಲಿಲ್ಲ, ನಾನು ಕೆಲಸ ಬಿಟ್ಟಿಲ್ಲ, ದುಡಿಯಲು ಸಿದ್ಧಳಿದ್ದೇನೆ. ಆ ಪತ್ರದಲ್ಲಿ ಎಚ್‌ಐವಿ ಎಂಬ ಮಾತೇ ಬೇಡ. ಪೋಸ್ಟಿನ ರಸೀದಿ ಜೋಪಾನ. ಹೇಳದೆ ಕೇಳದೆ ಗೈರುಹಾಜರಾದಳು ಎಂದು ಮುಂದೆ ಯಾರಾದರೂ ಕಥೆ ಕಟ್ಟಿದರೆ ಆ ರಸೀದಿಯೇ ನಿಮ್ಮ ಸಾಕ್ಷಿ.

ಈಗಾಗಲೇ ಸಹಿ ಹಾಕಿಬಿಟ್ಟಿದ್ದರೂ ಎಲ್ಲ ಮುಗಿಯಿತು ಅಂತಲ್ಲ. ಒತ್ತಾಯದಿಂದ ಬರೆಸಿಕೊಂಡರು ಎಂದು ತಡ ಮಾಡದೆ ಬರೆದು ತಿಳಿಸಿ, ಕಾರ್ಮಿಕ ಇಲಾಖೆಗೂ ಉಚಿತ ಕಾನೂನು ನೆರವಿನವರಿಗೂ ಹೋಗಿ. ದಿನ ಕಳೆದಷ್ಟೂ ಅದು ನಿಜವಾದ ರಾಜೀನಾಮೆಯಂತೆ ಕಾಣತೊಡಗುತ್ತದೆ.

ಜೊತೆಯಲ್ಲಿ ಕೆಲಸ ಮಾಡುವವರಿಗೆ ನನ್ನಿಂದ ಅಂಟುತ್ತದಾ?

ಇಲ್ಲ. ಒಂದೇ ಕ್ಯಾಂಟೀನಿನ ತಟ್ಟೆ, ಒಂದೇ ಶೌಚಾಲಯ, ಒಂದೇ ಹೊಲಿಗೆ ಯಂತ್ರ, ಕೆಮ್ಮು, ಸೊಳ್ಳೆ, ಯಾವುದರಿಂದಲೂ ಇಲ್ಲ. ತಪ್ಪದೆ ಮಾತ್ರೆ ತೆಗೆದುಕೊಂಡು ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ) ಪರೀಕ್ಷೆಯಲ್ಲಿ ವೈರಸ್ ಕಾಣದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದಲ್ಲೂ ಸಂಗಾತಿಗೆ ಹರಡುವುದಿಲ್ಲ ಎಂಬುದು ಈಗ ಜಗತ್ತಿನ ವೈದ್ಯರೆಲ್ಲ ಒಪ್ಪಿದ ಮಾತು. ಹಾಗಿರುವಾಗ ಪಕ್ಕದ ಕುರ್ಚಿಯವರ ವಿಚಾರ ಕೇಳುವುದೇ ಬೇಡ.

ಹೋಟೆಲ್, ಬಿಸಿಯೂಟ, ಬೇಕರಿ ಕೆಲಸ ಮಾಡಬಹುದಾ?

ಮಾಡಬಹುದು. ತರಕಾರಿ ಹೆಚ್ಚುವಾಗ ಬೆರಳು ಕೊಯ್ದರೆ ಯಾರಾದರೂ ಮಾಡಬೇಕಾದ್ದನ್ನೇ ಮಾಡಿ: ತೊಳೆದು, ಪಟ್ಟಿ ಕಟ್ಟಿ, ರಕ್ತ ಬಿದ್ದ ತರಕಾರಿ ಬಿಸಾಕಿ. ಊಟದ ಮೂಲಕ ಎಚ್‌ಐವಿ ಹರಡುವುದಿಲ್ಲ. ಬಿಸಿಯೂಟದ ಅಡುಗೆಯವರನ್ನು ಪೋಷಕರ ಗಲಾಟೆಗೆ ಹೆದರಿ ಬಿಡಿಸುವುದೂ ತಾರತಮ್ಯವೇ. ಗಲಾಟೆ ಮಾಡುವವರಿಗೆ ತಿಳಿಹೇಳುವುದು ಮುಖ್ಯೋಪಾಧ್ಯಾಯರ ಕೆಲಸ, ಅಡುಗೆಯವರ ಕೆಲಸವಲ್ಲ.

ನೈಟ್ ಶಿಫ್ಟ್ ಇದೆ. ಮಾತ್ರೆ ಹೇಗೆ ತೆಗೆದುಕೊಳ್ಳಲಿ? ಡಬ್ಬಿ ಯಾರಾದರೂ ನೋಡಿದರೆ?

ಮೊದಲೆಲ್ಲ ರಾತ್ರಿ ಮಲಗುವ ಮುಂಚೆಯೇ ನುಂಗಬೇಕಾದ, ತಲೆ ಸುತ್ತಿಸುವ ಮಾತ್ರೆ ಇತ್ತು. ನೈಟ್ ಶಿಫ್ಟಿನವರಿಗೆ ಅದೊಂದು ಹಿಂಸೆ. ಈಗ ಬಹುತೇಕರಿಗೆ ಕೊಡುವುದು ಟಿಎಲ್‌ಡಿ: ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೆ ಒಂದು. ಊಟದ ಮುಂಚೆಯೋ ನಂತರವೋ ಎಂಬ ಕಟ್ಟು ಇಲ್ಲ. ವಾರಕ್ಕೊಮ್ಮೆ ಶಿಫ್ಟ್ ಬದಲಾಗುವವರು ಯಾವ ಶಿಫ್ಟಿನಲ್ಲೂ ಮನೆಯಲ್ಲಿರುವ ಒಂದು ಹೊತ್ತನ್ನು ಆರಿಸಿಕೊಳ್ಳಿ. ಮರೆತರೆ ನೆನಪಾದ ಕೂಡಲೇ ನುಂಗಿ. ಮಾರನೇ ದಿನ ಎರಡು ನುಂಗಬೇಡಿ.

ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳಿಗೆ ಒಂದು ಮಾತು. ರಕ್ತ ಕಡಿಮೆ ಇದೆ ಎಂದು ಕೊಡುವ ಐರನ್ ಮಾತ್ರೆ, ಕ್ಯಾಲ್ಸಿಯಂ, ಹೊಟ್ಟೆ ಉರಿಗೆ ಕುಡಿಯುವ ಆಂಟಾಸಿಡ್ ಇವು ಡೊಲುಟೆಗ್ರಾವಿರ್ ಮೈಗೆ ಹತ್ತುವುದನ್ನು ತಡೆಯುತ್ತವೆ. ಟಿಎಲ್‌ಡಿ ನುಂಗಿ ಎರಡು ಗಂಟೆ ಆದಮೇಲೆ ಅವನ್ನು ತೆಗೆದುಕೊಳ್ಳಿ. ಅವನ್ನು ಮೊದಲು ತೆಗೆದುಕೊಂಡಿದ್ದರೆ ಟಿಎಲ್‌ಡಿಗೆ ಆರು ಗಂಟೆ ಬಿಡಿ. ಸಕ್ಕರೆ ಕಾಯಿಲೆಗೆ ಮೆಟ್ಫಾರ್ಮಿನ್, ಟಿಬಿ ಮಾತ್ರೆ ನಡೆಯುತ್ತಿದ್ದರೆ ಎಆರ್‌ಟಿ ವೈದ್ಯರಿಗೆ ಹೇಳಲೇಬೇಕು, ಅವರು ಡೋಸ್ ಹೊಂದಿಸುತ್ತಾರೆ.

ಡಬ್ಬಿಯದು ನಿಜವಾದ ಸಮಸ್ಯೆ. ಚೀಲದಲ್ಲಿಟ್ಟರೆ ಗಿಲಕಿಯ ಹಾಗೆ ಸದ್ದು ಮಾಡುತ್ತದೆ, ಬಸ್ಸಿನಲ್ಲಿ ಪಕ್ಕದವರು ತಿರುಗಿ ನೋಡುತ್ತಾರೆ. ಡಬ್ಬಿ ಮನೆಯಲ್ಲೇ ಇರಲಿ, ಒಳಗಿನ ತೇವ ಹೀರುವ ಪೊಟ್ಟಣ ಎಸೆಯಬೇಡಿ. ಹೊರಗೆ ಹೋಗುವಾಗ ಬೇಕಾದಷ್ಟು ಮಾತ್ರೆಗಳನ್ನು ಮುಚ್ಚಳ ಬಿಗಿಯಾಗಿರುವ ಸಣ್ಣ ಡಬ್ಬಕ್ಕೆ ಹಾಕಿ, ಮೇಲೊಂದು ಹತ್ತಿಯ ಉಂಡೆ ಒತ್ತಿಡಿ. ಬೈಕಿನ ಡಿಕ್ಕಿಯಲ್ಲಿ ಮಾತ್ರ ಇಡಬೇಡಿ, ಬಿಸಿಲಿಗೆ ಮಾತ್ರೆ ಕೆಡುತ್ತದೆ. ಯಾರಾದರೂ ಕೇಳಿದರೆ "ಬಿಪಿ ಮಾತ್ರೆ" ಅನ್ನಿ. ಅದನ್ನು ಸುಳ್ಳು ಅಂತ ಕೊರಗಬೇಡಿ, ನಿಮ್ಮ ಮಾತ್ರೆ ನಿಮ್ಮ ವಿಷಯ.

ಪದೇ ಪದೇ ಆಸ್ಪತ್ರೆಗೆ ಹೋಗಬೇಕು. ರಜೆಗೆ ಏನು ಕಾರಣ ಕೊಡಲಿ?

ಆರೋಗ್ಯ ಸ್ಥಿರವಾಗಿರುವವರಿಗೆ ಮೂರು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡುವ ವ್ಯವಸ್ಥೆ ಇದೆ. ನಿಮಗೆ ಇನ್ನೂ ತಿಂಗಳಿಗೊಮ್ಮೆಯೇ ಕೊಡುತ್ತಿದ್ದರೆ ಕೇಳಿ. ತಾಲ್ಲೂಕು ಮಟ್ಟದ ಲಿಂಕ್ ಎಆರ್‌ಟಿ ಕೇಂದ್ರ ಮನೆಗೆ ಹತ್ತಿರವಿದ್ದರೆ ಅಲ್ಲಿಗೆ ಬರೆಸಿಕೊಳ್ಳಬಹುದು. ರಜೆಗೆ 'ಆಸ್ಪತ್ರೆ ತಪಾಸಣೆ' ಎಂದಷ್ಟೇ ಬರೆದರೆ ಸಾಕು. ಚೀಟಿ ಬೇಕೇಬೇಕು ಎಂದರೆ ಎಆರ್‌ಟಿ ಎಂದು ಮುದ್ರೆ ಇಲ್ಲದ ಸಾಮಾನ್ಯ ಹೊರರೋಗಿ ಚೀಟಿ ಕೊಡುವಂತೆ ವೈದ್ಯಾಧಿಕಾರಿಯನ್ನು ಕೇಳಿಕೊಳ್ಳಿ. ಕೇಂದ್ರದವರು ಕೊಟ್ಟ ಹಸಿರು ಬಣ್ಣದ ಚಿಕಿತ್ಸೆಯ ಪುಸ್ತಕವನ್ನು ಯಾವ ಎಚ್‌ಆರ್‌ಗೂ ತೋರಿಸಬೇಡಿ, ಜೆರಾಕ್ಸ್ ಅಂಗಡಿಯಲ್ಲಿ ಬಿಟ್ಟೂ ಬರಬೇಡಿ.

ಆಲೆಮನೆ, ಕಬ್ಬು ಕಡಿಯುವ ಕೆಲಸ, ಮನೆಯಲ್ಲೇ ಅಗರಬತ್ತಿ ಹೊಸೆಯೋದು. ನಮಗೆ ಎಚ್‌ಆರ್ ಎಲ್ಲಿ, ಕಾಯ್ದೆ ಎಲ್ಲಿ?

ನ್ಯಾಯವಾದ ಸಿಟ್ಟು. ಮೇಸ್ತ್ರಿ ನಾಳೆಯಿಂದ ಬರಬೇಡ ಅಂದರೆ ಅದಕ್ಕೆ ಕಾಗದವೂ ಇಲ್ಲ, ಸಾಕ್ಷಿಯೂ ಇಲ್ಲ. ತಾರತಮ್ಯದ ನಿಷೇಧ ಆಲೆಮನೆಗೂ ಅನ್ವಯಿಸುತ್ತದೆ ನಿಜ, ಆದರೆ ಸಾಧಿಸಿ ತೋರಿಸುವುದು ಕಷ್ಟ. ಹಾಗಾಗಿ ಇಂಥ ಕೆಲಸದಲ್ಲಿ ಗುಟ್ಟು ಕಾಪಾಡಿಕೊಳ್ಳುವುದೇ ದೊಡ್ಡ ರಕ್ಷಣೆ.

ಮೈಕೈ ದುಡಿಮೆಗೆ ತಡೆ ಇಲ್ಲ. ಚಿಕಿತ್ಸೆ ಶುರುವಾದ ಹೊಸತರಲ್ಲಿ, ಸಿಡಿ4 (ರೋಗ ತಡೆಯುವ ರಕ್ತಕಣಗಳ ಲೆಕ್ಕ) ಬಹಳ ಕೆಳಗಿದ್ದಾಗ, ಸುಸ್ತಿರುತ್ತದೆ. ಆಗ ಕೊಪ್ಪರಿಗೆ ಮುಂದಿನ ಬೆಂಕಿ ಕೆಲಸ ಬಿಟ್ಟು ಬೆಲ್ಲದ ಅಚ್ಚು ಹೊಡೆಯುವಂಥ ಹಗುರ ಕೆಲಸ ಕೇಳಿಕೊಳ್ಳಿ. ಆಮೇಲೆ ಎಲ್ಲರಂತೆ. ಹೊಗೆ, ಧೂಳು ಇರುವ ಕಡೆ ಎಷ್ಟೇ ದಿನದ ಕೆಮ್ಮು ಬಂದರೂ ಕಫ ಪರೀಕ್ಷೆ ಮಾಡಿಸಿ, ಏಕೆಂದರೆ ಎಚ್‌ಐವಿ ಇದ್ದವರಿಗೆ ಟಿಬಿ ಬೇಗ ಹತ್ತುತ್ತದೆ.

ಸುಗ್ಗಿಗೆ ಊರು ಬಿಟ್ಟು ಹೋಗುವವರು, ಬೇರೆ ಜಿಲ್ಲೆಯಿಂದ ಕಬ್ಬು ಕಡಿಯಲು ಮಂಡ್ಯಕ್ಕೆ ಬರುವವರು ಹೊರಡುವ ಮುಂಚೆಯೇ ಕೇಂದ್ರಕ್ಕೆ ತಿಳಿಸಿ. ಹೆಚ್ಚಿನ ಮಾತ್ರೆ ಕೊಡುತ್ತಾರೆ, ಇಲ್ಲವೇ ಹೊಸ ಊರಿನ ಕೇಂದ್ರಕ್ಕೆ ವರ್ಗ ಮಾಡುತ್ತಾರೆ. ಹೇಳದೆ ಬಂದುಬಿಟ್ಟು ಮಾತ್ರೆ ಮುಗಿದರೂ ಹಸಿರು ಪುಸ್ತಕ ಹಿಡಿದು ಹತ್ತಿರದ ಎಆರ್‌ಟಿ ಕೇಂದ್ರಕ್ಕೆ ಹೋಗಿ. ಔಷಧಿಗೆ ದುಡ್ಡು ಕೊಡಬೇಕಿಲ್ಲ. 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಅದು ಉಚಿತ.

ಇಎಸ್‌ಐ ಇದೆ. ಉಪಯೋಗಕ್ಕೆ ಬರುತ್ತಾ?

ಬರುತ್ತದೆ. ಇಎಸ್‌ಐ ಅಂದರೆ ಸಂಬಳದಲ್ಲಿ ವಂತಿಗೆ ಹಿಡಿದು ನಡೆಸುವ ಕಾರ್ಮಿಕರ ಸರ್ಕಾರಿ ವಿಮೆ. ಅದರ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಇದ್ದರೆ, ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70 ಸಿಗುತ್ತದೆ. ದೀರ್ಘ ಕಾಯಿಲೆಗಳಿಗೆ ಬೇರೆ ಪಟ್ಟಿಯೇ ಇದೆ. ಟಿಬಿ, ಏಡ್ಸ್ ಎರಡೂ ಅದರಲ್ಲಿವೆ. ಆಗ ಶೇ. 80ರಷ್ಟು, ಎರಡು ವರ್ಷದವರೆಗೂ ಸಿಗಬಹುದು. ಆದರೆ ಅದಕ್ಕೆ ಎರಡು ವರ್ಷ ಸತತ ಕೆಲಸ ಮಾಡಿರಬೇಕು. ರಾಜೀನಾಮೆ ಬೇಡ ಎಂದು ಮೇಲೆ ಅಷ್ಟು ಒತ್ತಿ ಹೇಳಿದ್ದಕ್ಕೆ ಇದೂ ಕಾರಣ. ಕೆಲಸ ಬಿಟ್ಟರೆ ಸಂಬಳದ ಜೊತೆ ಇದೂ ಹೋಗುತ್ತದೆ.

ಸೂಪರ್‌ವೈಸರ್ ನನ್ನ ವಿಷಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದಾನೆ.

ಸ್ಕ್ರೀನ್‌ಶಾಟ್ ತೆಗೆದಿಡಿ. ನಂಬರು, ತಾರೀಖು, ಸಮಯ ಕಾಣಬೇಕು. ಅಳಿಸು ಎಂದು ಅವನಿಗೆ ಹೇಳುವ ಮುಂಚೆ ಈ ಕೆಲಸ ಮಾಡಿ. ಸೋಂಕಿತರ ವಿರುದ್ಧ ದ್ವೇಷ ಹರಡುವುದಕ್ಕೆ ಕಾಯ್ದೆಯಲ್ಲಿ ಮೂರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ.

ದೂರು ಎಲ್ಲಿ ಕೊಡಬೇಕು?

ನೂರು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ, ಆಸ್ಪತ್ರೆಯಾದರೆ ಇಪ್ಪತ್ತು ಜನರಿದ್ದರೂ, ದೂರು ಅಧಿಕಾರಿಯನ್ನು ನೇಮಿಸಲೇಬೇಕು. ಅಲ್ಲಿ ಆಗದಿದ್ದರೆ ರಾಜ್ಯ ಸರ್ಕಾರ ನೇಮಿಸುವ ಒಂಬುಡ್ಸ್‌ಮನ್ (ದೂರು ವಿಚಾರಿಸುವ ಅಧಿಕಾರಿ) ಇದ್ದಾರೆ, ಅವರು 30 ದಿನದೊಳಗೆ ಆದೇಶ ಮಾಡಬೇಕು. ಆದೇಶ ಪಾಲಿಸದವರಿಗೆ ಹತ್ತು ಸಾವಿರದವರೆಗೆ ದಂಡ, ಆಮೇಲೂ ಪಾಲಿಸದಿದ್ದರೆ ದಿನಕ್ಕೆ ಐದು ಸಾವಿರದವರೆಗೆ.

ಇದೆಲ್ಲ ಓದಲು ಚೆನ್ನ. ನಡೆಯುವ ದಾರಿ ಹೀಗೆ: ಮೊದಲು 1097ಕ್ಕೆ ಕರೆ ಮಾಡಿ, ಅದು ಎಚ್‌ಐವಿಯದೇ ಉಚಿತ ಸಹಾಯವಾಣಿ. ಜಿಲ್ಲಾ ಏಡ್ಸ್ ನಿಯಂತ್ರಣ ಘಟಕಕ್ಕೆ ಹೋಗಿ. ವಕೀಲರು ಬೇಕಾದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ. ಹೆಂಗಸರು, ಪರಿಶಿಷ್ಟರು, ಕಾರ್ಖಾನೆ ಕಾರ್ಮಿಕರಿಗೆ ಅಲ್ಲಿ ಫೀಸಿಲ್ಲ, ಅದರ ಫೋನ್ 15100. ಮೈಸೂರಿನಲ್ಲಿ ಆಶಾಕಿರಣ ಆಸ್ಪತ್ರೆಯವರೂ, ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿಕೊಂಡ ಆಶೋದಯ ಸಮಿತಿಯವರೂ ಈ ಕ್ಷೇತ್ರದಲ್ಲಿ ಹಳಬರು. ಕಚೇರಿಗೆ ಒಬ್ಬರೇ ಹೋಗಲು ಅಂಜಿಕೆಯಾದರೆ ಅನುಭವ ಇದ್ದವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಒಬ್ಬರ ಬದಲು ಇಬ್ಬರು ಬಂದು ನಿಂತರೆ ಗುಮಾಸ್ತರು ಫೈಲು ಬೇಗ ಹುಡುಕುತ್ತಾರೆ.

ಯಜಮಾನರಿಗೆ ಇದೆ, ನನಗಿಲ್ಲ. ಆದರೂ ನನ್ನನ್ನು ಕೆಲಸಕ್ಕೆ ಬರಬೇಡ ಅಂದರು.

ಸೋಂಕಿತರ ಜೊತೆ ವಾಸ ಮಾಡುವವರು, ಹಿಂದೆ ವಾಸ ಮಾಡಿದ್ದವರು ಕೂಡ ಈ ಕಾಯ್ದೆಯ ರಕ್ಷಣೆಗೆ ಬರುತ್ತಾರೆ. ಯಜಮಾನರು ತೀರಿಕೊಂಡಿದ್ದರೂ ಸರಿಯೇ. ಮೇಲೆ ಹೇಳಿದ್ದೆಲ್ಲ ನಿಮಗೂ ಅನ್ವಯ.

ಗಲ್ಫ್‌ಗೆ ಹೋಗಬೇಕು ಅಂತಿದ್ದೀನಿ.

ಹೋಗಬೇಡಿ ಎನ್ನಲು ಬೇಸರವಾಗುತ್ತದೆ, ಆದರೆ ಸೌದಿ, ಯುಎಇ, ಕುವೈತ್‌ನಂಥ ದೇಶಗಳಲ್ಲಿ ಕೆಲಸದ ವೀಸಾಕ್ಕೆ ಎಚ್‌ಐವಿ ಪರೀಕ್ಷೆ ಕಡ್ಡಾಯ. ಪಾಸಿಟಿವ್ ಬಂದರೆ ವಾಪಸ್ ಕಳಿಸುತ್ತಾರೆ. ನಮ್ಮ ಕಾಯ್ದೆ ಅಲ್ಲಿ ನಡೆಯದು. "ಮೆಡಿಕಲ್ ನಾನು ಮ್ಯಾನೇಜ್ ಮಾಡ್ತೀನಿ" ಎನ್ನುವ ಏಜೆಂಟರಿಗೆ ದುಡ್ಡು ಕೊಡಬೇಡಿ. ಇಲ್ಲಿ ಮ್ಯಾನೇಜ್ ಆದರೂ ಅಲ್ಲಿ ಇಳಿದಮೇಲೆ ಮತ್ತೆ ರಕ್ತ ತೆಗೆಯುತ್ತಾರೆ.

ಪೌರಕಾರ್ಮಿಕ ನಾನು. ಕಸ ಬೇರ್ಪಡಿಸುವಾಗ ಸೂಜಿ ಚುಚ್ಚಿತು.

ಹಿಂಡಬೇಡಿ, ಬಾಯಲ್ಲಿ ಹೀರಬೇಡಿ. ಸೋಪು ನೀರಲ್ಲಿ ತೊಳೆದು ತಕ್ಷಣ ಸರ್ಕಾರಿ ಆಸ್ಪತ್ರೆಗೆ ಹೋಗಿ ಪಿಇಪಿ (ಸೋಂಕು ತಗಲದಂತೆ ತಡೆಯುವ) ಮಾತ್ರೆ ಕೇಳಿ. ಒಂದೆರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಒಟ್ಟು 28 ದಿನ. ಸೋಂಕಿತರ ರಕ್ತವಿರುವ ಸೂಜಿಯೇ ಚುಚ್ಚಿದರೂ ಸೋಂಕು ತಗಲುವುದು ಸಾವಿರಕ್ಕೆ ಮೂರರಷ್ಟು ಮಾತ್ರ. ಗಾಬರಿ ಬೇಡ, ಆದರೆ ನಾಳೆ ನೋಡೋಣ ಅನ್ನಲೂ ಬೇಡಿ. ದಪ್ಪ ಕೈಗವಸು, ಬೂಟು ಕೊಡುವುದು ಕೆಲಸ ಕೊಟ್ಟವರ ಹೊಣೆ.

ನಾನು ಸಣ್ಣ ಕಾರ್ಖಾನೆಯ ಮಾಲೀಕ. ನಮ್ಮ ಹುಡುಗನೊಬ್ಬನಿಗೆ ಇದೆ ಅಂತ ಗೊತ್ತಾಯ್ತು. ಉಳಿದವರು ಅವನ ಜೊತೆ ಕೆಲಸ ಮಾಡಲ್ಲ ಅಂತಾರೆ.

ಕೇಳಿದ್ದು ಒಳ್ಳೆಯದಾಯಿತು. ಅವನನ್ನು ಬೇರೆ ಮೂಲೆಗೆ ಕೂರಿಸಬೇಡಿ, ಬೇರೆ ಲೋಟ ಇಡಬೇಡಿ. ಒಂದು ಸಲ ಇಟ್ಟ ಬೇರೆ ಲೋಟವನ್ನು ಎತ್ತುವುದು ಬಹಳ ಕಷ್ಟ. ಐಸಿಟಿಸಿ (ಸರ್ಕಾರಿ ಎಚ್‌ಐವಿ ಪರೀಕ್ಷೆ, ಸಲಹೆ ಕೇಂದ್ರ) ಕೌನ್ಸೆಲರ್ ಒಬ್ಬರನ್ನು ಕರೆಸಿ ಎಲ್ಲರಿಗೂ ಒಂದು ತಾಸು ಮಾತಾಡಿಸಿ. ಎಚ್‌ಐವಿ ಬಗ್ಗೆ ಮಾತ್ರವಲ್ಲ, ಟಿಬಿ, ಬಿಪಿ, ಶುಗರ್ ಕೂಡ ಸೇರಿಸಿ, ಆಗ ಎಲ್ಲರ ಕಣ್ಣು ಅವನ ಮೇಲೆ ಬೀಳುವುದಿಲ್ಲ. ಅವನ ಎದುರು ನೀವೂ ಒಂದು ಟೀ ಕುಡಿಯಿರಿ, ಭಾಷಣಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ನಿಮಗೆ ವಿಷಯ ತಿಳಿದದ್ದು ಯಾವುದಾದರೂ ಲ್ಯಾಬ್ ವರದಿಯಿಂದಾದರೆ ಆ ಕಾಗದ ಆಫೀಸಿನ ಫೈಲಿನಲ್ಲಿ ಇರಬಾರದು. ಕವರಿಗೆ ಹಾಕಿ, ಅಂಟಿಸಿ, ಅವನ ಕೈಗೇ ಕೊಡಿ. ಜೆರಾಕ್ಸ್ ಇಟ್ಟುಕೊಳ್ಳಬೇಡಿ.